ನೋಂದಣಿ ಇರುವ ಸೊಸೆ

“ಹುಡುಗನ ಸರ್ಟಿಫಿಕೇಟು ಒಸಿ ನೋಡಬೌದಾ, ಅಕ್ಕೋರೆ?”

ಗಿರಿಜಾಂಬ ಬಾಯಿಗೆ ಒಯ್ಯುತ್ತಿದ್ದ ಕೇಸರಿಬಾತಿನ ಚಮಚವನ್ನು ತಟ್ಟೆಗೇ ಇಳಿಸಿದರು. ಮಗ ವೀರೇಂದ್ರನನ್ನು ಕರೆದುಕೊಂಡು ಮಾಗಡಿಯಿಂದ ಚನ್ನಪಟ್ಟಣಕ್ಕೆ ಬಂದದ್ದು ಹೆಣ್ಣು ನೋಡಲು. ಹೆಣ್ಣಿನ ತಂದೆ ರೇಣುಕಾಪ್ರಸಾದ್ ಜಾತಕ ಕೇಳಲಿಲ್ಲ, ಜಮೀನು ಕೇಳಲಿಲ್ಲ, ನೇರವಾಗಿ ಸರ್ಟಿಫಿಕೇಟಿಗೇ ಬಂದಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗಿರಿಜಾಂಬ ಸೆರಗು ಸರಿಮಾಡಿಕೊಂಡರು.

“ಲ್ಯಾಮಿನೇಷನ್‌ಗೆ ಕೊಟ್ಟಿವ್ನಿ. ಬಂದೇಟ್ಗೆ ಫೋಟೊ ಕಳಿಸ್ತೀನಿ ಬುಡಿ.”

ಅದು ಸುಳ್ಳು. ಇದ್ದೊಂದು ಪದವಿ ಸರ್ಟಿಫಿಕೇಟು ಮಾಗಡಿಯ ಮನೆಯ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ ಮಲಗಿತ್ತು.

ವೀರೇಂದ್ರ ಹೊರರಾಜ್ಯದಲ್ಲಿ ನಾಲ್ಕು ವರ್ಷ ಬಿ.ಫಾರ್ಮ ಓದಿ ಬಂದಿದ್ದ. ಪದವಿಯೇನೋ ಪದವಿಯೇ. ಆದರೆ ಇಲ್ಲಿ ಔಷಧಿ ಅಂಗಡಿ ತೆಗೆಯಬೇಕಾದರೆ ಈ ರಾಜ್ಯದ ಫಾರ್ಮಸಿ ಕೌನ್ಸಿಲಿನಲ್ಲಿ ನೋಂದಣಿಯಾದ ಫಾರ್ಮಸಿಸ್ಟ್ ಇರಬೇಕು. ಅಲ್ಲಿನವರು ಪದವಿಯ ಬುಡ ಕೆದಕಿ ನೋಡಿ ಅರ್ಜಿಯನ್ನು ಹಿಂದಕ್ಕೆ ಕಳಿಸಿದ್ದರು. ವೀರೇಂದ್ರನ ಕಾಲೇಜಿಗೆ ಮಾನ್ಯತೆ ಸಿಕ್ಕಿದ್ದು ಅವನು ಪಾಸಾಗಿ ಮನೆಗೆ ಬಂದ ಮೇಲಂತೆ.

ಅಷ್ಟರಲ್ಲಿ ಗಿರಿಜಾಂಬ, ತೀರಿಹೋದ ಗಂಡನ ಕಿರಾಣಿ ಅಂಗಡಿಯನ್ನು ಖಾಲಿ ಮಾಡಿ, ಗಾಜಿನ ಕಪಾಟು, ಫ್ರಿಜ್ಜು, ಬೋರ್ಡು ಎಲ್ಲ ಹಾಕಿಸಿಬಿಟ್ಟಿದ್ದರು. ಎಂಟು ತಿಂಗಳಿಂದ ಷಟರ್ ಎದ್ದಿರಲಿಲ್ಲ. ಅದರ ಮುಂದೆ ಹಾದುಹೋಗುವಾಗಲೆಲ್ಲ ಅವರಿಗೆ ಅಳು ಬರುತ್ತಿತ್ತು.

ಹೀಗಿರುವಾಗ ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಕವನಳ ಬಯೋಡೇಟಾ ಕಾಣಿಸಿತು. ಓದು: ಬಿ.ಫಾರ್ಮ. ಅದರ ಕೆಳಗೆ: ರಿಜಿಸ್ಟರ್ಡ್ ಫಾರ್ಮಸಿಸ್ಟ್. ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು. ಸೊಸೆಯ ಹೆಸರಿನಲ್ಲಿ ಲೈಸೆನ್ಸ್, ಮಗನಿಗೆ ಸಂಸಾರ, ಷಟರಿಗೆ ಮೋಕ್ಷ!

ಒಂಬತ್ತು ಹೆಣ್ಣುಗಳಿಗೆ ಮೂಗು ಮುರಿದಿದ್ದ ವೀರೇಂದ್ರ ಈ ಫೋಟೊವನ್ನು ಸರಿಯಾಗಿ ನೋಡಲೂ ಇಲ್ಲ. “ನಿನ್ನಿಷ್ಟ ಕಣವ್ವ” ಅಂದ. ಗಿರಿಜಾಂಬರಿಗೆ ಎದೆ ಉಬ್ಬಿತು. ಕಾಲೇಜಿಗೆ ಕಳಿಸುವ ದಿನವೇ ಅವರು ಎಚ್ಚರಿಸಿದ್ದರು: “ಲವ್ವು ಗಿವ್ವು ಅಂತ ಯಾವಳ್ನಾರ ಕರ್ಕೊಂಡ್ ಬಂದ್ಯೋ, ಈ ಮನೇಲಿ ನಾನಿರಾಕಿಲ್ಲ.” ಮಗ ಆ ಮಾತನ್ನು ಉಳಿಸಿಕೊಂಡಿದ್ದ. ಅಷ್ಟೇ ಅಲ್ಲ, ಅವನ ಬಯೋಡೇಟಾದಲ್ಲೂ ‘ರಿಜಿಸ್ಟರ್ಡ್’ ಎಂದು ಸೇರಿಸಿದರೆ ಚೆನ್ನ ಎಂಬ ಉಪಾಯ ಕೊಟ್ಟವನೂ ಅವನೇ.

ಹುಡುಗಿ ಓದಿದ್ದು ಯಾವ ಕಾಲೇಜಿನಲ್ಲಿ ಎಂದು ಗಿರಿಜಾಂಬ ಕೇಳಲಿಲ್ಲ. ಕೇಳಿದರೆ ಅವರೂ ತಿರುಗಿ ಕೇಳುತ್ತಾರಲ್ಲ!

ಕವನ ಕಾಫಿ ತಂದಳು. ತಟ್ಟೆಯಲ್ಲಿದ್ದ ಲೋಟಗಳಲ್ಲಿ ಒಂದನ್ನು ಆರಿಸಿ ವೀರೇಂದ್ರನಿಗೆ ಕೊಟ್ಟಳು. ಗಿರಿಜಾಂಬ ತಮ್ಮದನ್ನು ಒಂದು ಗುಟುಕು ಕುಡಿದು ಬೆಚ್ಚಿದರು. ಪಾಯಸದಷ್ಟು ಸಿಹಿ. ಮಗನೋ ಸಕ್ಕರೆ ಬೆರೆತ ಕಾಫಿಯನ್ನು ಮೂಸಿಯೂ ನೋಡದವನು. ಆದರೆ ಅವನು ಲೋಟದ ತಳ ಕಾಣುವ ತನಕ ಸುಮ್ಮನೆ ಕುಡಿದ. ಹುಡುಗಿ ಚೆನ್ನಾಗಿಯೇ ಹಿಡಿಸಿರಬೇಕು ಎಂದುಕೊಂಡರು.

“ಅಂಗ್ಡಿ ಲೈಸೆನ್ಸು ಹುಡುಗನ ಹೆಸ್ರಲ್ಲೇ ಮಾಡ್ಸಿ, ಅಕ್ಕೋರೆ,” ಎಂದರು ರೇಣುಕಾಪ್ರಸಾದ್. “ಗಂಡಸು ಅಂದ್ಮೇಲೆ ಒಂದು ತೂಕ.”

ಇವರಿಗೆ ಅನುಮಾನ ಬಂದಿದೆ! ಗಿರಿಜಾಂಬ ಲೋಟ ಕೆಳಗಿಟ್ಟರು.

“ಎಲ್ಲಾದ್ರೂ ಉಂಟೆ? ಮನೆಗೆ ಬರೋ ಲಕ್ಷ್ಮಿ ಅವಳು. ಅವಳ ಹೆಸ್ರಲ್ಲೇ ಆಗ್ಲಿ.”

“ಅವಳಿನ್ನೂ ಚಿಕ್ಕೋಳು.”

“ನಾವೇನು ಅವಳ ಕೈಲಿ ಕಲ್ಲು ಹೊರಿಸ್ತೀವಾ? ಅವಳ ಸರ್ಟಿಫಿಕೇಟೇ ಒಸಿ ತೋರ್ಸಿ, ಕಣ್ತುಂಬ ನೋಡ್ಕೊತೀನಿ.”

ರೇಣುಕಾಪ್ರಸಾದ್ ಕೆಮ್ಮಿದರು. “ಅದೂ ಲ್ಯಾಮಿನೇಷನ್‌ಗೇ ಹೋಗೈತೆ.”

ಆಮೇಲೆ ಯಾರೂ ಸರ್ಟಿಫಿಕೇಟಿನ ಸುದ್ದಿ ಎತ್ತಲಿಲ್ಲ. ಇಬ್ಬರಿಗೂ ಅವಸರವೋ ಅವಸರ. ಮೂರೇ ವಾರದಲ್ಲಿ ಲಗ್ನ ಮುಗಿಯಿತು.

ಮದುವೆಯಾದ ಎಂಟನೆಯ ದಿನ ಗಿರಿಜಾಂಬ ಲೈಸೆನ್ಸಿನ ಅರ್ಜಿ ಹಿಡಿದು ಕೂತರು. “ನಿನ್ನ ರಿಜಿಸ್ಟ್ರೇಷನ್ ಕಾಗ್ದ ತತ್ತಾ, ಮಗಾ.”

ಕವನ ತಲೆ ತಗ್ಗಿಸಿದಳು. “ಇಲ್ಲ ಅತ್ತೆ. ಡಿಗ್ರಿ ಐತೆ, ಅಷ್ಟೇಯ. ಹೊರರಾಜ್ಯದ್ದು. ಇಲ್ಲಿ ಒಪ್ಪನಿಲ್ಲ.”

ಗಿರಿಜಾಂಬ ಅರ್ಜಿಯನ್ನು ಬದಿಗೆ ಸರಿಸಿದರು. ತಕ್ಷಣ ಬೀಗರಿಗೆ ಫೋನ್ ಹಚ್ಚಿದರು.

“ಏನ್ ಬೀಗ್ರೇ ಹಿಂಗ್ ಮಾಡ್ಬುಟ್ರಿ? ರಿಜಿಸ್ಟರ್ಡ್ ಅಂತ ಬರೆದಿದ್ರಲ್ಲ!”

“ತಪ್ಪಾಯ್ತು ಅಕ್ಕೋರೆ. ಮಗಳೇ ಹಂಗೆ ಬರ್ಕೊಟ್ಳು, ನಾನೂ ಸುಮ್ನಾದೆ. ಅವಳ ಓದು ಮೂಲೆ ಸೇರ್ಬಾರ್ದು ಅಂತ್ಲೇ ರಿಜಿಸ್ಟ್ರೇಷನ್ ಇರೋ ಅಳಿಯನ್ನ ಹುಡುಕಿದ್ದು. ಅವ್ರದ್ದೇ ಹಾಕ್ಬುಡಿ, ಅಂಗ್ಡಿ ಬಾಗ್ಲು ತೆಗೀಲಿ.”

ಗಿರಿಜಾಂಬ ಫೋನ್ ಇಟ್ಟರು. ಕಳ್ಳನ ಮನೆಗೆ ಇನ್ನೊಬ್ಬ ಕಳ್ಳ ನುಗ್ಗಿದ್ದ. ಬೈಯಲು ಬಾಯಿ ಎಲ್ಲಿಂದ ಬರಬೇಕು? ಎರಡು ಪದವಿಗಳಲ್ಲಿ ಒಂದಾದರೂ ಮತ್ತೆ ಅರ್ಜಿ ಹಾಕಿದರೆ ನಡೆದೀತೇನೋ ಎಂಬ ಸಣ್ಣ ಆಸೆ ಉಳಿದಿತ್ತು. ಸೀರೆಗಳ ಅಡಿಯಿಂದ ಮಗನದನ್ನು ಎಳೆದರು. ಸೊಸೆಯದಕ್ಕೆ ಕೈ ಚಾಚಿದರು.

“ಆಮೇಲ್ ನೋಡಿದ್ರಾಯ್ತು ಬುಡಿ ಅತ್ತೆ, ಮೊದ್ಲು ಊಟ ಮಾಡಿ,” ಎಂದಳು ಕವನ. ವೀರೇಂದ್ರನಿಗೆ ಇದ್ದಕ್ಕಿದ್ದಂತೆ ರಾಮನಗರದಲ್ಲಿ ತುರ್ತು ಕೆಲಸ ನೆನಪಾಗಿ, ಅವನು ಚಪ್ಪಲಿ ಹುಡುಕತೊಡಗಿದ.

ಗಿರಿಜಾಂಬ ಬಿಡದೆ ಸೊಸೆಯದನ್ನೂ ತರಿಸಿ, ಕನ್ನಡಕ ಏರಿಸಿ, ಎರಡನ್ನೂ ಮಂಚದ ಮೇಲೆ ಅಕ್ಕಪಕ್ಕ ಹರಡಿದರು.

ಒಂದೇ ಕಾಲೇಜು, ಒಂದೇ ವರ್ಷ. ರೋಲ್ ನಂಬರ್ ಒಂದರದ್ದು ನಲವತ್ತೊಂದು, ಇನ್ನೊಂದರದ್ದು ನಲವತ್ತೆರಡು.