ಎಡಗೈಯ ಮೋಡ

ಕಂಪ್ಯೂಟರಿನ ಪರದೆಯ ಮೇಲೆ ಕಿಟಕಿಯೇನೋ ತೆರೆದುಕೊಂಡಿತು, ಆದರೆ ಅಕ್ಷರ ಇರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು. ಸಾಲು ಸಾಲಾಗಿ ಪುಟ್ಟ ಪುಟ್ಟ ಚೌಕಗಳು, ಒಂದರಲ್ಲೂ ಏನೂ ಇಲ್ಲ. ಗಾಲಿಕುರ್ಚಿಯಲ್ಲಿದ್ದ ಭಾವ ಒಂದು ಗಳಿಗೆ ನೋಡಿದರು. ಆಮೇಲೆ ಮುಖ ತಿರುಗಿಸಿ ಹೊರಗಿನ ಆಕಾಶ ನೋಡುತ್ತ ಕುಳಿತರು.

"ನೋಡಿದ್ಯಾ? ವಾರದಿಂದ ಹೀಗೇ," ಎಂದಳು ಅಕ್ಕ. "ಇದು ಶುರುವಾದ್ರೆ ಇವರೂ ಶುರುವಾಗ್ತಾರೆ ಅಂತ ಹೊಸ ಕಂಪ್ಯೂಟರ್ ತರಿಸಿದೆ. ಈಗ ಇದಕ್ಕೂ ಬಾಯಿಲ್ಲ."

ನೆಟ್‌ವರ್ಕ್ ಕೆಲಸ ಬಲ್ಲ ತಂಗಿ ಅದಕ್ಕೆಂದೇ ರಜೆ ಹಾಕಿ ಬಂದಿದ್ದಳು. ಭಾವ ಬೆಟ್ಟದ ತುದಿಯ ಹವಾಮಾನ ಕೇಂದ್ರದಲ್ಲಿ ದುಡಿದವರು. ಮೊಣಕಾಲು ಬೆಟ್ಟ ಹತ್ತಲು ಒಲ್ಲೆನೆಂದ ಮೇಲೆ ಅಲ್ಲಿನ ಯಂತ್ರದಲ್ಲಿ ತಾವೇ ಒಂದು ಪ್ರೋಗ್ರಾಂ ಬರೆದಿಟ್ಟರು. ಮನೆಯಲ್ಲಿ ಕುಳಿತು, ನೆಟ್‌ವರ್ಕಿನ ಮೂಲಕ ಅದರ ಕಿಟಕಿ ತೆರೆದು, ಬೆಟ್ಟದ ಕ್ಯಾಮೆರಾದಲ್ಲಿ ಕಂಡ ಆಕಾಶದ ಬಗ್ಗೆ ದಿನಕ್ಕೊಂದು ಸಾಲು ಬರೆಯುತ್ತ ಹನ್ನೊಂದು ವರ್ಷ ಕಳೆದರು. ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಹೋದವು. ತಿಳಿವಳಿಕೆ ನೆಟ್ಟಗಿದೆ, ಇಷ್ಟದ ಕೆಲಸಕ್ಕೆ ಹಚ್ಚಿ, ಇಲ್ಲದಿದ್ದರೆ ಒಳಗೇ ಉಳಿದುಬಿಡುತ್ತಾರೆ ಎಂದಿದ್ದರು ಡಾಕ್ಟರು. ಆ ಕಡೆಯ ಮಾತು ಅಕ್ಕನಿಗೆ ನಿದ್ದೆಯಲ್ಲೂ ಕೇಳುತ್ತಿತ್ತು.

ತಂಗಿ ಒಂದೊಂದೇ ಪರೀಕ್ಷಿಸಿದಳು. ಬೆಟ್ಟ ದೂರ, ಇಲ್ಲಿ ಒತ್ತಿದ್ದಕ್ಕೆ ಅಲ್ಲಿಂದ ಉತ್ತರ ಬರಲು ಒಂದು ಉಸಿರಿನಷ್ಟು ಹೊತ್ತು ಬೇಕು. ಆ ಬಿಡುವಿನಲ್ಲಿ ಪರದೆಯ ಗಾಜಿನ ಮೇಲೆ ಹೊರಗಿನ ಮೋಡವೊಂದು ಖಾಲಿ ಚೌಕಗಳನ್ನು ದಾಟಿ ಮೆಲ್ಲಗೆ ಹೋಗುತ್ತಿತ್ತು. ಕೊನೆಗೆ ಕೆಳಗೆ ಒಂದು ಸಾಲಿನ ದೂರು ಸಿಕ್ಕಿತು: ಕೇಳಿದ ಫಾಂಟ್ ಈ ಕಂಪ್ಯೂಟರಿನಲ್ಲಿ ಇಲ್ಲ. ತಂಗಿ ಬೇರೊಂದು ಫಾಂಟನ್ನು ಅದರ ಹೆಸರಿನಲ್ಲಿ ಕೂರಿಸಿ ನೋಡಿದಳು. ಚೌಕಗಳು ಹೋಗಿ ಗೀಟು, ಚುಕ್ಕಿ, ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಪ್ರತಿ ಸಾಲೂ ಕೂಡಿಸುವ ಚಿಹ್ನೆಯಿಂದ ಶುರುವಾಗಿ, ಎಲ್ಲೆಲ್ಲೋ ಅಲೆದು, ಯಾವ ಅರ್ಥಕ್ಕೂ ಮುಟ್ಟದೆ ಮುಗಿಯುತ್ತಿತ್ತು.

"ಇದು ಭಾವನದೇ ಫಾಂಟು ಅಕ್ಕ, ಸ್ವಂತದ್ದು. ಅಕ್ಷರಗಳಿಗೆ ನಂಬರೂ ಅವರಿಷ್ಟದ್ದೇ. ಇಂಥ ನಂಬರಿನ ಅಕ್ಷರ ಇಂಥ ಕಡೆ ಹಾಕು ಅಂತಷ್ಟೇ ಬೆಟ್ಟದಿಂದ ಬರುತ್ತೆ. ಅಕ್ಷರ ಇರೋದು ನೋಡೋರ ಕಂಪ್ಯೂಟರಲ್ಲಿ."

"ಅಂದ್ರೆ ಅಲ್ಲಿಲ್ವಾ?"

"ಇಲ್ಲ. ಇಲ್ಲೇ ಇತ್ತು. ಹಳೇ ಕಂಪ್ಯೂಟರ್ ಎಲ್ಲಿ?"

ಗಂಡ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕೋಣೆ ಲಕಲಕ ಎನ್ನಬೇಕೆಂದು, ಹಳೆಯದನ್ನು ಪೂರ್ತಿ ಅಳಿಸಿಸಿ ಗುಜರಿಗೆ ಕೊಟ್ಟವಳು ಅಕ್ಕನೇ. ಎಲ್ಲವೂ ಬೆಟ್ಟದ ಮೇಲೆ ಭದ್ರವಾಗಿದೆ ಎಂದು ನಂಬಿದ್ದಳು. ಜೊತೆಗೆ ಒಂದು ದಪ್ಪ ಚೌಕುಳಿ ಪುಸ್ತಕವನ್ನೂ ರದ್ದಿಗೆ ಹಾಕಿದ್ದಳು. ಪೆನ್ಸಿಲಿನಿಂದ ಅಲ್ಲೊಂದು ಇಲ್ಲೊಂದು ಚೌಕ ತುಂಬಿದ್ದ ಆ ಹಾಳೆಗಳನ್ನು ಸ್ವೆಟರಿನ ಡಿಸೈನು ಎಂದುಕೊಂಡಿದ್ದಳು; ಅವು ಗಂಡನ ಅಕ್ಷರಗಳ ನಕ್ಷೆಯೆಂದು ಈಗ ಹೊಳೆಯಿತು. ಬರೆಯದೆ ಉಳಿದ ಹಾಳೆಗಳನ್ನು ಮಾತ್ರ ಸಾಮಾನಿನ ಪಟ್ಟಿಗೆ ಆದೀತೆಂದು ಹರಿದಿಟ್ಟುಕೊಂಡಿದ್ದಳು.

"ಇವರ ಬಾಯನ್ನ ನಾನೇ ತೂಕಕ್ಕೆ ಹಾಕ್ಬಿಟ್ಟೆ ಕಣೇ," ಎಂದಳು. ಅವಳಿಗೆ ಅಳು ಬಂತು.

ತಂಗಿ ಅಡುಗೆಮನೆಗೆ ಹೋಗಿ ಆ ಹಾಳೆಗಳನ್ನೆಲ್ಲ ತಂದು ಮೇಜಿನ ಮೇಲಿಟ್ಟು, ಒಂದನ್ನು ಭಾವನ ತೊಡೆಯ ಮೇಲೆ ಹಲಗೆಯಿಟ್ಟು ಹರಡಿದಳು. ಪೆನ್ಸಿಲನ್ನು ಎಡಗೈಗೆ ಕೊಟ್ಟಳು. "ಭಾವ, ನಿಮ್ಮ ಅಕ್ಷರನೆಲ್ಲ ನಿಮ್ಮ ಹೆಂಡ್ತಿ ಗುಜರಿಗೆ ಕೊಟ್ಟಿದಾಳೆ. ಬೈಯೋದಿದ್ರೆ ಬರೆದೇ ಬೈಬೇಕು. ದಿನಾ ಸಾಲಿನ ಮೊದಲನೇ ಅಕ್ಷರ ಒಂದೇ ಇದೆಯಲ್ಲ, ಅದು ಯಾವುದು?"

ಭಾವ ಆಕಾಶದಿಂದ ಕಣ್ಣು ಕೀಳಲಿಲ್ಲ. ಪೆನ್ಸಿಲು ಜಾರಿ ನೆಲಕ್ಕೆ ಬಿತ್ತು, ಅಕ್ಕ ಎತ್ತಿ ಕೊಟ್ಟಳು. ಮತ್ತೆ ಬಿತ್ತು, ಮತ್ತೆ ಎತ್ತಿ ಕೊಟ್ಟಳು. ಮೂರನೆಯ ಸಲ ಅವರು ಅದನ್ನು ಬಿಡಲಿಲ್ಲ. ಒಂದು ಚೌಕ ಕಪ್ಪಾಯಿತು. ಬಹಳ ಹೊತ್ತಿನ ಮೇಲೆ ಅದರ ಪಕ್ಕದ್ದು. ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬರುವಷ್ಟರಲ್ಲಿ ಹಾಳೆಯ ಮೇಲೆ ಒಂದು 'ಮೋ' ಎಡಕ್ಕೆ ವಾಲಿಕೊಂಡು ನಿಂತಿತ್ತು.

"ಮೋಡ," ಎಂದಳು ಅಕ್ಕ. "ದಿನಾ ಮೊದಲು ಮೋಡದ ವಿಷಯಾನೇ."

ತಂಗಿ ಚೌಕಗಳನ್ನು ಎಣಿಸಿ ಎಣಿಸಿ ಕಂಪ್ಯೂಟರಿಗೆ ಕೊಟ್ಟಳು. "ಎರಡು ಚೌಕ ಆಚೆ ಬಿದ್ದಿವೆ ಅಕ್ಕ. ಸರಿ ಮಾಡಿಬಿಡ್ಲಾ?"

"ಮುಟ್ಟಬೇಡ!"

ತಂಗಿ ಹಾಗೆಯೇ ಉಳಿಸಿ ಪರದೆಯ ಕಿಟಕಿಯನ್ನು ಮತ್ತೆ ತೆರೆದಳು. ಒಂದು ಉಸಿರಿನ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪ್ರತಿ ಸಾಲಿನ ಮೊದಲಿಗೂ, ಕೂಡಿಸುವ ಚಿಹ್ನೆಯಿದ್ದ ಜಾಗದಲ್ಲಿ, 'ಮೋ' ಮೂಡಿತು. ಅಕ್ಕ ಕಣ್ಣೊರೆಸಿಕೊಂಡು ಹಿಂದಕ್ಕೆ, ಇನ್ನೂ ಹಿಂದಕ್ಕೆ, ಮೊಟ್ಟಮೊದಲ ದಿನದವರೆಗೂ ಸರಿಸಿದಳು. ಗಟ್ಟಿ ಬಲಗೈಯಿಂದ ಪಟಪಟನೆ ಒತ್ತಿ ಬರೆದ ಹನ್ನೊಂದು ವರ್ಷದ ಹಿಂದಿನ ಸಾಲಿನಲ್ಲೂ, ಅದೇ 'ಮೋ' ಈ ಮಧ್ಯಾಹ್ನದ ನಡುಕ ಹೊತ್ತು ಎಡಕ್ಕೆ ವಾಲಿ ನಿಂತಿತ್ತು. ತಿರುಗಿ ನೋಡಿದರೆ, ಭಾವ ಆಗಲೇ ಇನ್ನೊಂದು ಹಾಳೆಗೆ ಎಡಗೈ ಚಾಚಿದ್ದರು.