ಆರನೆಯ ಭಾಗದ ಕೊನೆಯ ಅಧ್ಯಾಯ

"ಇವಳೊಬ್ಬಳಿಗೋಸ್ಕರ ಇಡೀ ಲೋಕ ಕಾಯಬೇಕೇನು?" ಎಂದು ವಾಮನರಾಯರು ಖಾಲಿ ಜಗಲಿಯನ್ನು ಕೇಳಿದರು.

ಕಾದಂಬರಿಗಳು ಈಗ ವಾಚನಪೆಟ್ಟಿಗೆಯ ದನಿಯಲ್ಲೇ ಮನೆಮನೆಗೆ ಬರುತ್ತವೆ. ಒಂದು ಭಾಗವನ್ನು ಕಟ್ಟಕಡೆಯ ಕೇಳುಗರೂ ಮುಗಿಸುವವರೆಗೆ ಮುಂದಿನದು ಯಾರಿಗೂ ತೆರೆಯುವುದಿಲ್ಲ. 'ಶನಿಗ್ರಹದಾಚೆಯ ನಾವಿಕರು' ಮಾಲೆಯ ಆರನೆಯ ಭಾಗವನ್ನು ಇನ್ನೂ ಮುಗಿಸದೆ ಉಳಿದವರು ರಾಯರ ಹೆಂಡತಿ ಪದ್ಮಾಕ್ಷಮ್ಮ ಒಬ್ಬರೇ.

ಹೂವು ಮಾರುವ ಚಿಕ್ಕತಾಯಿ ಗೇಟಿನಿಂದಲೇ ಕೂಗಿದಳು: "ಸ್ವಾಮಿ, ಅಮ್ಮಾವ್ರು ಇವತ್ತಾದ್ರೂ ಮುಗಿಸ್ತಾರಾ? ಇಲ್ಲಾಂದ್ರೆ ನಾಳೆಯಿಂದ ನಿಮ್ಮನೆಗೆ ಹೂವಿಲ್ಲ!"

ರಾಯರು ಒಳಗೆ ಬಂದರು. ಪದ್ಮಾಕ್ಷಮ್ಮ ಪೆಟ್ಟಿಗೆಯ ಮುಂದೆ ದೀಪ ಹಚ್ಚಿ ಸುಮ್ಮನೆ ಕೂತಿದ್ದರು.

"ಉಳಿದಿರೋದು ಒಂದೇ ಅಧ್ಯಾಯ ಕಣೇ."

"ಅದ್ರಲ್ಲಿ ನೌಕೆ ನಡೆಸೋ ಹುಡುಗಿ ಸಾಯ್ತಾಳಂತಲ್ಲ. ಸಾವಿನ ಪ್ರಸಂಗ ಕೇಳಿ ಹಾಗೇ ಎದ್ದುಬಿಡೋದಾ? ನಮ್ಮಪ್ಪ ಕಾವ್ಯ ಓದೋವಾಗ ಅಂಥ ಕಡೆ ನಿಲ್ಲಿಸ್ತಾನೇ ಇರಲಿಲ್ಲ. ಒಂದು ಹುಟ್ಟೋ ಮದುವೆಯೋ ಬಂದ ಮೇಲೇ ಮಂಗಳ ಹಾಡ್ತಿದ್ರು. ಪೆಟ್ಟಿಗೆಯವರು ಏಳನೇ ಭಾಗದ ಮೊದಲನೇ ಅಧ್ಯಾಯ ಕೊಡ್ಲಿ, ಎರಡನ್ನೂ ಒಟ್ಟಿಗೆ ಕೇಳ್ತೀನಿ."

"ನೀನು ಮುಗಿಸಿದ ಮೇಲಲ್ವೇನೇ ಅವರು ಕೊಡೋದು!"

"ಹಾಗಾದ್ರೆ ಅವರೂ ಕಾಯ್ಲಿ."

ರಾಯರು ಪಕ್ಕದಲ್ಲಿ ಕುಸಿದು ಕೂತರು. "ನನ್ನ ಕಿವಿ ದಿನೇ ದಿನೇ ಹೋಗ್ತಿದೆ, ಪದ್ದು. ಇನ್ನೂ ತಡವಾದ್ರೆ ಏಳನೇ ಭಾಗ ನಂಗೆ ಕೇಳಿಸೋದೇ ಇಲ್ಲ. ನನಗೋಸ್ಕರ ಮುಗಿಸೇ."

ಪದ್ಮಾಕ್ಷಮ್ಮ ಅವರ ಕಿವಿಯ ಹತ್ತಿರ ಬಾಗಿ, ಬಿಡಿಸಿ ಬಿಡಿಸಿ ಹೇಳಿದರು: "ನಿಮಗೆ ಕೇಳಿಸ್ದೇ ಹೋದ್ರೆ ಇಡೀ ಭಾಗ ನಾನೇ ಕೂಗಿ ಹೇಳ್ತೀನಿ. ಆ ಹುಡುಗೀನ ಸಾವಲ್ಲಿ ಬಿಟ್ಟು ಏಳೋದು ಮಾತ್ರ ನನ್ನಿಂದಾಗಲ್ಲ."