ಉದ್ದದ ಎಡತೋಳು

"ನಮ್ಮಮ್ಮ ಹೆಣೆದ ಸ್ವೆಟರ್ ಇದು. ಕೊಡೋಕೆ ಇದಕ್ಕಿಂತ ದೊಡ್ಡದು ನನ್ನತ್ರ ಇಲ್ಲ," ಎಂದು ನಟ ಅದನ್ನು ಎತ್ತಿ ಹಿಡಿದಾಗ, ಆಸ್ಪತ್ರೆಯ ಸಹಾಯಾರ್ಥ ಹರಾಜಿಗೆ ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಅವನ ಒಂದೂ ಸಿನಿಮಾ ಬಿಡದ ಗಣಿತದ ಟೀಚರ್ ಮಾತ್ರ ತಟ್ಟಲಿಲ್ಲ. ಸ್ವೆಟರಿನ ಎಡತೋಳು ಎರಡು ಬೆರಳು ಉದ್ದವಿತ್ತು. ಟಿವಿಯಲ್ಲಿ ಅವನನ್ನೇ ನೋಡುತ್ತ ಹೆಣೆದು, ಲೆಕ್ಕ ತಪ್ಪಿ, ಬಿಚ್ಚಲು ಮನಸ್ಸಾಗದೆ ಅವನ ಮನೆಗೆ ಪಾರ್ಸೆಲ್ ಮಾಡಿದವಳು ಅವಳೇ.

ಸತ್ಯದ ತಲೆ ಮೇಲೆ ಹೊಡೆದ ಹಾಗೆ ಸುಳ್ಳು! ತಾಯಿಯ ಹೆಸರಲ್ಲೇ ಹೀಗೆ ಮಾರುವವನು ಆಸ್ಪತ್ರೆಯ ಹೆಸರಲ್ಲಿ ಇನ್ನೇನು ಮಾಡುತ್ತಾನೋ? ಹತ್ತಿರದಿಂದ ನೋಡುವ ನೆಪದಲ್ಲಿ ವೇದಿಕೆ ಹತ್ತಿ ಅವಳು ಸ್ವೆಟರಿನ ತೋಳು ಹಿಡಿದೆಳೆದಳು. ಮೊಣಕೈ ಸವೆದು ಜಾಳಾಗಿತ್ತು.

"ಈ ತೋಳು ಯಾಕೆ ಉದ್ದ, ಸಾರ್?" ಬೇಕೆಂದೇ ಕೆಣಕಿದಳು.

"ನಾನೂ ಅದನ್ನೇ ಕೇಳ್ತಿದ್ದೆ ಮೇಡಂ. 'ಕಣ್ಣು ಮಂಜಾಗಿತ್ತು ಕಣೋ, ತಪ್ಪೋಯ್ತು' ಅನ್ನೋಳು ಅಮ್ಮ. ಅವಳು ಹೋದ್ಮೇಲೆ ಆ ಚಳಿಗಾಲ ಪೂರ್ತಿ ಇದನ್ನ ಬಿಚ್ಚಲೇ ಇಲ್ಲ." ಅವನ ಗಂಟಲು ಕಟ್ಟಿತು. ಆ ಗಂಟಲು ತೆರೆಯ ಮೇಲೆ ಕಟ್ಟುವುದನ್ನು ಅವಳು ನೂರು ಸಲ ನೋಡಿದ್ದಳು, ಇದು ಅದಲ್ಲ. ಪಾರ್ಸೆಲ್ ಬಿಚ್ಚಿ, ತಾನೇ ಹೆಣೆದದ್ದೆಂದು ಮಗನಿಗೆ ಕೊಟ್ಟವರು ಯಾರೆಂದು ಆಗ ಅವಳಿಗೆ ಹೊಳೆಯಿತು.

"ನಿಮಗೂ ಹೆಣೆಯೋಕೆ ಬರುತ್ತಾ?"

ಟೀಚರ್ ಉದ್ದದ ತೋಳಿನ ತುದಿಯನ್ನು ಮೆಲ್ಲಗೆ ಒಳಗೆ ಮಡಚಿದಳು. "ಇಲ್ಲ ಸಾರ್, ಕಡ್ಡಿ ಹಿಡಿಯೋಕೂ ಬರಲ್ಲ."